ಇಂಗ್ಲಿಷ್ ಧ್ವನಿಗಳನ್ನು ಬರೆಯುವುದು ಹೇಗೆ? ನಿಮ್ಮ ಪ್ರಶ್ನೆ, ಧ್ವನಿಶಾಸ್ತ್ರದ ಅಧ್ಯಾಪಕಿಯ ಉತ್ತರ

ಬಳಗದ ಸದಸ್ಯರ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದವರು ಮಂಗಳೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಧ್ವನಿಶಾಸ್ತ್ರ ಕಲಿಸುವ ಅಧ್ಯಾಪಕಿ. ಧ್ವನಿಲಿಪಿಯ, ಅಂದರೆ ಪದದ ಉಚ್ಚಾರ ತೋರಿಸಲು ನಿಘಂಟುಗಳು ಬಳಸುವ ಬರಹದ, ಚಿಹ್ನೆಗಳು ಕೆಲವರ ಮೊಬೈಲ್‌ನಲ್ಲಿ ಖಾಲಿ ಚೌಕಗಳಾಗಿ ಕಾಣುವುದರಿಂದ ಅವುಗಳ ಆಕಾರವನ್ನು ಮಾತಿನಲ್ಲೇ ವಿವರಿಸಬೇಕೆಂದು ಕೇಳಿಕೊಂಡಿದ್ದೆವು. ಪಕ್ಕದಲ್ಲಿ ಒಂದು ಇಂಗ್ಲಿಷ್ ನಿಘಂಟು ಇಟ್ಟುಕೊಂಡು ಓದಿದರೆ ಒಳ್ಳೆಯದು.

ಪ್ರಶ್ನೆ (ಬ್ರಹ್ಮಾವರದ ಪ್ರೌಢಶಾಲಾ ಶಿಕ್ಷಕಿ): ಮೇಡಂ, ನಮ್ಮ ಮಕ್ಕಳು ಇಂಗ್ಲಿಷ್ ಪಾಠದ ಸಾಲುಗಳ ಮೇಲೆ ಪೆನ್ಸಿಲ್‌ನಲ್ಲಿ ಕನ್ನಡದಲ್ಲೇ ಉಚ್ಚಾರ ಬರೆದುಕೊಳ್ಳುತ್ತಾರೆ. ನಮ್ಮ ಲಿಪಿಯಲ್ಲಿ ನುಡಿದಂತೆ ಬರೆಯಬಹುದಲ್ಲ, ಮತ್ತೆ ಬೇರೆ ಚಿಹ್ನೆಗಳ ಹೊರೆ ಏಕೆ?

ಉತ್ತರ: ಟೀಚರ್, ಕನ್ನಡ ಲಿಪಿ ಕನ್ನಡದ ಧ್ವನಿಗಳಿಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಹಡಗು ಎಂಬರ್ಥದ ‘ಶಿಪ್’, ಕುರಿ ಎಂಬರ್ಥದ ‘ಶೀಪ್’ ಬೇರೆ ಮಾಡಿ ತೋರಿಸಲು ಹ್ರಸ್ವ ದೀರ್ಘಗಳು ಸಾಕು. ಅಷ್ಟರ ಮಟ್ಟಿಗೆ ನಾವು ಪುಣ್ಯವಂತರು. ತೊಂದರೆ ಶುರುವಾಗುವುದು ಇಂಗ್ಲಿಷಿನಲ್ಲಿದ್ದು ಕನ್ನಡದಲ್ಲಿ ಇಲ್ಲದ ಸ್ವರಗಳ ಹತ್ತಿರ.

ನಿಮ್ಮ ತರಗತಿಯಲ್ಲಿ ಮೂರು ಪದಗಳನ್ನು ಕನ್ನಡದಲ್ಲಿ ಬರೆಸಿ ನೋಡಿ: ಗೊಂಬೆ ಎಂಬರ್ಥದ ‘ಡಾಲ್’, ಸಭಾಂಗಣದ ‘ಹಾಲ್’, ಶಾಂತ ಎಂಬರ್ಥದ ‘ಕಾಮ್’. ಮೂರಕ್ಕೂ ಮಕ್ಕಳು ಅದೇ ‘ಆ’ಕಾರ ಹಾಕುತ್ತಾರೆ, ಅದೇ ‘ಆ’ಕಾರದಿಂದ ಓದುತ್ತಾರೆ. ನಿಘಂಟು ಕೊಡುವ ಬ್ರಿಟಿಷ್ ಉಚ್ಚಾರದಲ್ಲಿ ಇವು ಮೂರು ಬೇರೆ ಬೇರೆ ಸ್ವರಗಳು. ‘ಡಾಲ್’ನದ್ದು ಗಿಡ್ಡ ಸ್ವರ, ಹೇಳುವಾಗ ದವಡೆ ಕೆಳಗಿಳಿದು ತುಟಿ ಸ್ವಲ್ಪವೇ ದುಂಡಾಗುತ್ತದೆ. ‘ಹಾಲ್’ನದ್ದು ಉದ್ದ, ತುಟಿ ಚೆನ್ನಾಗಿ ದುಂಡಾಗುತ್ತದೆ, ನಮ್ಮ ‘ಓ’ ಮತ್ತು ‘ಆ’ಗಳ ನಡುವೆ ಎಲ್ಲೋ ನಿಲ್ಲುತ್ತದೆ. ‘ಕಾಮ್’ನಲ್ಲಿ ಮಾತ್ರ ತುಟಿ ದುಂಡಾಗದೆ ನಿಜವಾದ ಉದ್ದ ‘ಆ’ ಬರುತ್ತದೆ. ಕನ್ನಡದಲ್ಲಿ ಬರೆದ ಮಗು ಈ ವ್ಯತ್ಯಾಸವನ್ನು ಬರೆಯುವ ಕ್ಷಣದಲ್ಲೇ ಕಳೆದುಕೊಂಡಿರುತ್ತದೆ. ಆಮೇಲೆ ಎಷ್ಟು ಸಲ ಓದಿದರೂ ಅದು ಮರಳಿ ಬರುವುದಿಲ್ಲ, ಏಕೆಂದರೆ ಕಾಗದದ ಮೇಲೆ ಅದು ಇಲ್ಲವೇ ಇಲ್ಲ. ಪೆನ್ಸಿಲ್ ಬರಹವನ್ನು ನಾನು ವಿರೋಧಿಸುವುದು ಇದೊಂದೇ ಕಾರಣಕ್ಕೆ.

‘ಬ್ಯಾಂಕ್’ ಪದದ ಸ್ವರಕ್ಕೂ ಇದೇ ಗತಿ. ಆ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲದ ಕಾರಣ ಯ ಒತ್ತಿನ ಮೇಲೆ ದೀರ್ಘ ಕೊಟ್ಟು ಬರೆಯುತ್ತೇವೆ. ಕರಾವಳಿಯ ಬರಹದಲ್ಲಿ ‘ಬೇಂಕ್’ ಎಂಬ ರೂಪವೂ ಉಂಟು. ಎರಡೂ ಒಪ್ಪಂದದ ಬರಹಗಳು. ಇಂಗ್ಲಿಷ್ ಉಚ್ಚಾರದಲ್ಲಿ ಅಲ್ಲಿ ಯಕಾರವೂ ಇಲ್ಲ, ಏಕಾರವೂ ಇಲ್ಲ. ಬಾಯಿ ಅಗಲಿಸಿ, ನಾಲಿಗೆಯನ್ನು ಮುಂದಕ್ಕೆ ಕೆಳಗಿಟ್ಟು ಹೇಳುವ ಒಂದೇ ಸ್ವರ ಅದು.

ಪ್ರಶ್ನೆ (ಅದೇ ಶಿಕ್ಷಕಿ): ಹಾಗಾದರೆ ಮಕ್ಕಳಿಗೆ 44 ಚಿಹ್ನೆಗಳನ್ನು ಬಾಯಿಪಾಠ ಮಾಡಿಸಬೇಕೇ?

ಉತ್ತರ: ಖಂಡಿತ ಬೇಡ. ಬ್ರಿಟಿಷ್ ಇಂಗ್ಲಿಷಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ 24 ವ್ಯಂಜನ, 20 ಸ್ವರ. ಇವನ್ನು ಬರೆಯಲು ಬೇಕಾದ ಬಹುಪಾಲು ಚಿಹ್ನೆಗಳು ಮಕ್ಕಳಿಗೆ ಗೊತ್ತಿರುವ ಇಂಗ್ಲಿಷ್ ಅಕ್ಷರಗಳೇ. ಹೊಸ ಆಕಾರಗಳು 14 ಮಾತ್ರ: ವ್ಯಂಜನಗಳಲ್ಲಿ 5, ಸ್ವರಗಳಲ್ಲಿ 9. ಅವುಗಳಲ್ಲೂ ಮೊದಲು ಕಲಿಸಬೇಕಾದದ್ದು ತಲೆಕೆಳಗಾಗಿ ತಿರುಗಿಸಿದ ಸಣ್ಣ ಇಂಗ್ಲಿಷ್ ‘ಇ’ ಅಕ್ಷರ. ಅದರ ಹೆಸರು ಶ್ವಾ, ಬಾಯಿ ಸಡಿಲ ಬಿಟ್ಟು ಹೇಳುವ ಗಿಡ್ಡ ‘ಅ’ದಂಥ ಸ್ವರ. ಇಂಗ್ಲಿಷ್ ಮಾತಿನಲ್ಲಿ ಅತಿ ಹೆಚ್ಚು ಬಾರಿ ಬರುವ ಸ್ವರ ಅದೇ, ಆದರೆ 26 ಅಕ್ಷರಗಳಲ್ಲಿ ಅದಕ್ಕೆಂದು ಒಂದು ಅಕ್ಷರವಿಲ್ಲ. ಆಮೇಲೆ ‘ಕಪ್’ನ ಸ್ವರಕ್ಕೆ ಬಳಸುವ ತಲೆಕೆಳಗಾದ ‘ವಿ’, ‘ಬ್ಯಾಂಕ್’ಗೆ ಬಳಸುವ, ‘ಎ’ ಮತ್ತು ‘ಇ’ ಬೆಸೆದುಕೊಂಡ ಆಕಾರ, ‘ಶ’ಕಾರಕ್ಕೆ ಉದ್ದಕ್ಕೆ ಎಳೆದ ‘ಎಸ್’, ‘ಸಾಂಗ್’ನ ಕೊನೆಗೆ ಬರುವ, ಬಾಲ ಎಡಕ್ಕೆ ಬಾಗಿದ ‘ಎನ್’. ತಿಂಗಳಿಗೆ ಮೂರೋ ನಾಲ್ಕೋ ಕಲಿಸಿದರೂ ಶಾಲಾವರ್ಷ ಮುಗಿಯುವುದರೊಳಗೆ ಮಕ್ಕಳು ತಾವೇ ನಿಘಂಟು ತೆರೆದು ಓದುತ್ತಾರೆ.

ಪ್ರಶ್ನೆ (ಸುರತ್ಕಲ್‌ನ ಪದವಿ ವಿದ್ಯಾರ್ಥಿ): ಮೇಡಂ, ಪರೀಕ್ಷೆಯಲ್ಲಿ ಪದ ಕೊಟ್ಟು ಧ್ವನಿಲಿಪಿಯಲ್ಲಿ ಬರೆಯಲು ಹೇಳುತ್ತಾರೆ. ಕಂಠಪಾಠ ಮಾಡಿದ ಪದ ಬಂದರೆ ಸರಿ, ಹೊಸ ಪದ ಬಂದರೆ ಅಂಕ ಹೋಯಿತು. ಏನು ಮಾಡಲಿ?

ಉತ್ತರ: ಕಾಗುಣಿತ ನೋಡುತ್ತಾ ಬರೆಯುತ್ತೀರಿ ಎಂದು ನನ್ನ ಊಹೆ. ಪದವನ್ನು ಒಮ್ಮೆ ಓದಿ, ಕೈಯಿಂದ ಮುಚ್ಚಿ, ಮೆಲ್ಲಗೆ ಹೇಳಿಕೊಂಡು ಎಷ್ಟು ಧ್ವನಿ ಕೇಳಿತು ಎಂದು ಬೆರಳಲ್ಲಿ ಎಣಿಸಿ. ವಿಚಾರ ಎಂಬರ್ಥದ ‘ಥಾಟ್’ ಪದದಲ್ಲಿ ಅಕ್ಷರ 7, ಧ್ವನಿ 3. ‘ಜಡ್ಜ್’ನಲ್ಲಿ ಅಕ್ಷರ 5, ಧ್ವನಿ 3. ‘ಬಾಕ್ಸ್’ ಉಲ್ಟಾ: ಅಕ್ಷರ 3, ಧ್ವನಿ 4, ಏಕೆಂದರೆ ಕೊನೆಯ ಒಂದು ಅಕ್ಷರದಲ್ಲಿ ‘ಕ್’ ಮತ್ತು ‘ಸ್’ ಎರಡೂ ಅಡಗಿವೆ. ಸಂಖ್ಯೆ ಸಿಕ್ಕಿದ ಮೇಲಷ್ಟೇ ಪೆನ್ನು ಹಿಡಿಯಿರಿ.

ಪರೀಕ್ಷೆಯಲ್ಲಿ ಪದೇ ಪದೇ ಅಂಕ ಕಳೆಯುವ ಜಾಗಗಳು ಕೆಲವಿವೆ. ‘ಯೆಸ್’ ಪದದ ಯಕಾರಕ್ಕೆ ಧ್ವನಿಲಿಪಿಯಲ್ಲಿ ‘ಜೆ’ ಅಕ್ಷರ ಬರೆಯಬೇಕು, ‘ವೈ’ ಅಲ್ಲ. ‘ಡಾಗ್ಸ್’ ಪದದ ಕೊನೆಯಲ್ಲಿ ಕಾಣುವುದು ‘ಎಸ್’, ಕೇಳುವುದು ‘ಝೆಡ್’. ಭೂತಕಾಲದ ‘ಇಡಿ’ ಮೂರು ಬಗೆಯಲ್ಲಿ ನುಡಿಯುತ್ತದೆ: ‘ವಾಂಟೆಡ್’ನಲ್ಲಿ ಮಾತ್ರ ‘ಇಡ್’, ‘ಬೆಗ್ಡ್’ನಲ್ಲಿ ‘ಡ್’, ‘ವರ್ಕ್ಟ್’ನಲ್ಲಿ ‘ಟ್’. ನಮ್ಮಲ್ಲಿ ತುಂಬಾ ಜನ ‘ವರ್ಕೆಡ್’ ಎಂದು ಓದುವುದು ಕಣ್ಣು ಕಿವಿಯನ್ನು ಮೀರಿಸಿದಾಗ.

ಒತ್ತಿನ ಗುರುತನ್ನು ಮರೆಯಬೇಡಿ. ಇಲ್ಲಿ ಒತ್ತು ಎಂದರೆ ಒತ್ತಕ್ಷರವಲ್ಲ, ಪದದ ಒಂದು ಭಾಗವನ್ನು ಹೆಚ್ಚು ಬಲ ಕೊಟ್ಟು ಹೇಳುವುದು. ಒತ್ತು ಬೀಳುವ, ಒಂದು ಸ್ವರವುಳ್ಳ ಪದದ ತುಂಡಿನ, ಅಂದರೆ ಸಿಲಬಲ್‌ನ ಮುಂಚೆ ಮೇಲ್ಗಡೆ ಒಂದು ಪುಟ್ಟ ನೆಟ್ಟನೆಯ ಗೀಟು. ಇದು ಅಲಂಕಾರವಲ್ಲ, ಸ್ವರಗಳನ್ನೇ ಬದಲಾಯಿಸುವ ಸಂಗತಿ. ‘ಫೋಟೋಗ್ರಾಫ್’ನಲ್ಲಿ ಒತ್ತು ಮೊದಲ ಸಿಲಬಲ್ ಮೇಲೆ, ಅಲ್ಲಿ ತುಂಬು ಸ್ವರ, ಎರಡನೆಯದರಲ್ಲಿ ಬರೀ ಶ್ವಾ. ಅದೇ ಪದಕ್ಕೆ ಕೊನೆಯಲ್ಲಿ ‘ಅರ್’ ಸೇರಿಸಿ ಛಾಯಾಗ್ರಾಹಕನನ್ನು ಹೆಸರಿಸಿ: ಒತ್ತು ಎರಡನೆಯ ಸಿಲಬಲ್‌ಗೆ ಜಾರುತ್ತದೆ, ಮೊದಲಿನದ್ದು ಶ್ವಾ ಆಗಿ ಸೊರಗುತ್ತದೆ, ಎರಡನೆಯದರಲ್ಲಿ ‘ಡಾಲ್’ನ ಸ್ವರ ಬರುತ್ತದೆ. ‘ಫೊಟಾಗ್ರಫರ್’ ಎಂದು ಅಂದಾಜಿಗೆ ಬರೆಯಬಹುದು. ಕನ್ನಡದಲ್ಲಿ ಯಾವ ಸಿಲಬಲ್ ಕೂಡ ಹೀಗೆ ಸೊರಗುವುದಿಲ್ಲ, ಪ್ರತಿ ಅಕ್ಷರಕ್ಕೂ ಅದರ ಪಾಲು ಸಿಗುತ್ತದೆ. ಅದೇ ನ್ಯಾಯವನ್ನು ಇಂಗ್ಲಿಷಿಗೂ ಕೊಟ್ಟಾಗ ಹೊರಗಿನವರಿಗೆ ನಮ್ಮ ಮಾತು ಹಿಡಿಯುವುದು ಕಷ್ಟವಾಗುತ್ತದೆ.

ಪ್ರಶ್ನೆ (ಮಂಗಳೂರಿನ ನರ್ಸಿಂಗ್ ವಿದ್ಯಾರ್ಥಿನಿ): ವಿದೇಶದ ಕೆಲಸಕ್ಕಾಗಿ ಇಂಗ್ಲಿಷ್ ಪರೀಕ್ಷೆಗೆ ತಯಾರಿ ಮಾಡುತ್ತಿದ್ದೇನೆ. ಮಾತ್ರೆಗೆ ನಾನು ‘ಪಿಲ್’ ಎಂದರೆ ಆನ್‌ಲೈನ್ ಪಾಠ ಹೇಳುವ ಬ್ರಿಟಿಷ್ ಶಿಕ್ಷಕಿಗೆ ‘ಬಿಲ್’ ಎಂದು ಕೇಳಿಸುತ್ತದೆಯಂತೆ. ನಾನು ಸರಿಯಾಗಿಯೇ ಹೇಳುತ್ತಿದ್ದೇನಲ್ಲ?

ಉತ್ತರ: ನೀವು ಹೇಳುವುದು ಕನ್ನಡದ ‘ಪ’. ಆ ‘ಪ’ ಅಲ್ಪಪ್ರಾಣ. ಇಂಗ್ಲಿಷಿನಲ್ಲಿ ಒತ್ತುಳ್ಳ ಸಿಲಬಲ್‌ನ ಆರಂಭದಲ್ಲಿ ಬರುವ ಪ್, ಟ್, ಕ್ ಮೂರಕ್ಕೂ ಉಸಿರು ಸೇರುತ್ತದೆ, ಅಂದರೆ ಮಹಾಪ್ರಾಣದ ಹಾಗೆ. ಆ ಉಸಿರು ಇಲ್ಲದಿದ್ದರೆ ಇಂಗ್ಲಿಷ್ ಕಿವಿ ಅದನ್ನು ‘ಬ್’ ಎಂದು ತೆಗೆದುಕೊಳ್ಳುತ್ತದೆ. ಕ, ಖ ಬೇರೆ ಎಂದು ಒಂದನೇ ತರಗತಿಯಲ್ಲೇ ಕಲಿತ ನಮಗೆ ಇದು ಕಷ್ಟವಾಗಬಾರದು. ಆದರೆ ನೋಟ್‌ಬುಕ್‌ನಲ್ಲಿ ‘ಫಿಲ್’ ಎಂದು ಬರೆದುಕೊಳ್ಳಬೇಡಿ. ಇಂದಿನ ಕನ್ನಡದಲ್ಲಿ ‘ಫ’ವನ್ನು ಬಹುತೇಕ ಇಂಗ್ಲಿಷ್ ‘ಎಫ್’ನಂತೆ ಓದುತ್ತಾರೆ, ಆಗ ಪದವೇ ಬದಲಾಗುತ್ತದೆ.

ತೆಳುವಾದ ಕಾಗದದ ಚೂರೊಂದನ್ನು ತುಟಿಯ ಎದುರು ಹಿಡಿಯಿರಿ. ‘ಪಿನ್’ ಎನ್ನುವಾಗ ಕಾಗದ ಹಾರಬೇಕು. ‘ಸ್ಪಿನ್’ ಎನ್ನುವಾಗ ಅಲ್ಲಾಡಬಾರದು, ಏಕೆಂದರೆ ‘ಸ್’ ನಂತರ ಬಂದ ‘ಪ್’ಗೆ ಆ ಉಸಿರಿಲ್ಲ. ನಿಮ್ಮ ಕನ್ನಡದ ‘ಪ’ ಇಂಗ್ಲಿಷಿನಲ್ಲಿ ಇರುವ ಜಾಗ ಈ ‘ಸ್ಪಿನ್’. ನಿಘಂಟಿನಲ್ಲಿ ಈ ಉಸಿರಿಗೆ ಗುರುತು ಕಾಣುವುದಿಲ್ಲ. ಓರೆಗೀಟುಗಳ ನಡುವೆ ಅರ್ಥ ಬದಲಿಸುವ ಧ್ವನಿಗಳನ್ನಷ್ಟೇ ಬರೆಯುತ್ತಾರೆ. ಬಾಯಿಂದ ಬಂದದ್ದನ್ನು ಸೂಕ್ಷ್ಮವಾಗಿ ಬರೆಯಲು ಚೌಕ ಕಂಸ ಬಳಸಿ, ಅಕ್ಷರದ ಹೆಗಲ ಮೇಲೆ ಸಣ್ಣ ‘ಎಚ್’ ಇಡುತ್ತಾರೆ.

ನಿಮ್ಮ ವೃತ್ತಿಗೆ ಇದಕ್ಕಿಂತ ಮುಖ್ಯವಾದದ್ದು ‘ಫಿಫ್ಟೀನ್’ ಮತ್ತು ‘ಫಿಫ್ಟಿ’. 15 ಮಿಲಿಗ್ರಾಂ, 50 ಮಿಲಿಗ್ರಾಂ ಎಂದರೆ ಅಂತರ ಎಷ್ಟೆಂದು ನಿಮಗೆ ಹೇಳಬೇಕಿಲ್ಲ. ಬಿಡಿಯಾಗಿ ಹೇಳುವಾಗ ಮೊದಲನೆಯದರಲ್ಲಿ ಒತ್ತು ಕೊನೆಯ ಸಿಲಬಲ್ ಮೇಲೆ, ಎರಡನೆಯದರಲ್ಲಿ ಮೊದಲ ಸಿಲಬಲ್ ಮೇಲೆ. ಆದರೆ ‘ಹದಿನೈದು ನಿಮಿಷ’ ಎಂಬಂತೆ ಮುಂದೆ ಒತ್ತಿನ ಪದ ಬಂದರೆ ‘ಫಿಫ್ಟೀನ್’ನ ಒತ್ತೂ ಹಿಂದಕ್ಕೆ ಸರಿಯುತ್ತದೆ, ಆಗ ಎರಡೂ ಒಂದೇ ರೀತಿ ಕೇಳಬಹುದು. ಆದ್ದರಿಂದ ಔಷಧದ ಪ್ರಮಾಣ ಹೇಳುವಾಗ ಸಂಖ್ಯೆಯ ಜೊತೆಗೆ ‘ಒನ್ ಫೈವ್’, ‘ಫೈವ್ ಝೀರೋ’ ಎಂದು ಅಂಕಿ ಬಿಡಿಸಿ ಹೇಳಿ. ಇಲ್ಲಿ ಉಚ್ಚಾರದ ಚೆಂದಕ್ಕಿಂತ ರೋಗಿಯ ಜೀವ ದೊಡ್ಡದು.

ಪ್ರಶ್ನೆ (ಕಾಪುವಿನಿಂದ ಒಬ್ಬ ತಂದೆ): ಮನೆಯಲ್ಲಿ ತುಳು ಮಾತನಾಡಿದರೆ ಮಗಳ ಇಂಗ್ಲಿಷ್ ಉಚ್ಚಾರ ಕೆಡುತ್ತದೆ ಎಂದು ಪರಿಚಯದವರು ಹೇಳುತ್ತಾರೆ. ನಿಜವೇ ಮೇಡಂ?

ಉತ್ತರ: ದಯವಿಟ್ಟು ಆ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ತುಳು ಬಲ್ಲ ಮಗುವಿನ ಕಿವಿ ಇಲ್ಲಿ ಒಂದು ಹೆಜ್ಜೆ ಮುಂದಿದೆ. ‘ಯಾನ್ ಮಲ್ಪುವೆ’, ‘ಆಯೆ ಮಲ್ಪುವೆ’ ಎಂದು ಹೇಳಿ ನೋಡಿ. ಕನ್ನಡ ಲಿಪಿಯಲ್ಲಿ ಎರಡೂ ಕ್ರಿಯಾಪದಗಳು ಒಂದೇ. ಬಾಯಲ್ಲಿ ಒಂದೇ ಅಲ್ಲ: ‘ನಾನು ಮಾಡುತ್ತೇನೆ’ ಎನ್ನುವಾಗ ಕೊನೆಯ ‘ಎ’ ಅಗಲವಾಗಿ ತೆರೆದುಕೊಳ್ಳುತ್ತದೆ, ‘ಅವನು ಮಾಡುತ್ತಾನೆ’ ಎನ್ನುವಾಗ ಕಿರಿದಾಗುತ್ತದೆ. ಇಂಗ್ಲಿಷಿನ ‘ಮ್ಯಾನ್’ ಮತ್ತು ‘ಮೆನ್’ ನಡುವಿನ ಅಂತರ ಹೆಚ್ಚುಕಡಿಮೆ ಇಷ್ಟೇ. ಬೆಂಗಳೂರಿನ ಮಗು ಹೊಸದಾಗಿ ಕಲಿಯಬೇಕಾದ ಈ ಭೇದವನ್ನು ನಿಮ್ಮ ಮಗಳು ದಿನಕ್ಕೆ ಎಷ್ಟೋ ಸಲ ಆಡುತ್ತಾಳೆ. ತುಳುವಿನಲ್ಲಿ ಆ ತೆರೆದ ಸ್ವರ ಪದದ ಕೊನೆಯಲ್ಲಿ ಬರುತ್ತದೆ, ಇಂಗ್ಲಿಷಿನಲ್ಲಿ ಕೊನೆಗೆ ಬರುವುದಿಲ್ಲ; ಪದದ ನಡುವೆ ಇಟ್ಟು ಹೇಳುವ ಅಭ್ಯಾಸ ಮಾಡಿಸಿದರೆ ಸಾಕು.

ಕೊಂಕಣಿ ಮನೆಯವರಿಗೂ ಇದೇ ಮಾತು. ‘ಬೇಕು’ ಎನ್ನಲು ಹೇಳುವ ‘ಜಾಯ್’ ಪದವನ್ನು ರೋಮನ್ ಲಿಪಿಯಲ್ಲಿ ಝೆಡ್ ಹಾಕಿ ಬರೆಯುವುದು ಸುಮ್ಮನೆ ಅಲ್ಲ. ಕನ್ನಡ ಮಾತ್ರ ಬಲ್ಲವರು ‘ಝೂ’ ಪದವನ್ನು ‘ಜೂ’ ಮಾಡುವ ಕಡೆ ಆ ಮಕ್ಕಳಿಗೆ ದಾರಿ ಸುಲಭ.

ಪ್ರಶ್ನೆ (ಉಡುಪಿಯ ನಿವೃತ್ತ ಬ್ಯಾಂಕ್ ಉದ್ಯೋಗಿ): ಈ ಲಿಪಿಯನ್ನು ಮಾಡಿದವರು ಯಾರು?

ಉತ್ತರ: ಸರ್, 1886ರಲ್ಲಿ ಪ್ಯಾರಿಸ್‌ನಲ್ಲಿ ಪಾಲ್ ಪಾಸಿ ಎಂಬ ಭಾಷಾ ಶಿಕ್ಷಕರ ಮುಂದಾಳತ್ವದಲ್ಲಿ ಸೇರಿದ ಅಧ್ಯಾಪಕರ ಗುಂಪು ಅಂತಾರಾಷ್ಟ್ರೀಯ ಧ್ವನಿಶಾಸ್ತ್ರ ಸಂಘವಾಗಿ ಬೆಳೆಯಿತು. ಮೊದಲ ವರ್ಣಮಾಲೆ ಪ್ರಕಟವಾದದ್ದು 1888ರಲ್ಲಿ. ಶಾಲೆಯಲ್ಲಿ ಭಾಷೆ ಕಲಿಸುವವರು ತಮ್ಮ ಕೆಲಸಕ್ಕೆಂದು ಕಟ್ಟಿದ್ದು ಎನ್ನುವುದು ನನಗೆ ಬಹಳ ಪ್ರಿಯವಾದ ಸಂಗತಿ. ಅದೇ 1886ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಮ್ಯಾನರ್ ಅವರ ತುಳು ಇಂಗ್ಲಿಷ್ ನಿಘಂಟು ಹೊರಬಂತು, 1894ರಲ್ಲಿ ಕಿಟೆಲ್ ಅವರ ಕನ್ನಡ ಇಂಗ್ಲಿಷ್ ನಿಘಂಟು. ನಮ್ಮ ಟ, ಡ, ಣ, ಳಗಳನ್ನು ರೋಮನ್ ಲಿಪಿಯಲ್ಲಿ ತೋರಿಸಲು ಕಿಟೆಲ್ ಅಕ್ಷರದ ಅಡಿಯಲ್ಲಿ ಚುಕ್ಕಿ ಇಟ್ಟರು. ಧ್ವನಿಲಿಪಿಯಲ್ಲಿ ಅದೇ ಅಕ್ಷರಗಳಿಗೆ ಬಲಕ್ಕೆ ಬಾಗಿದ ಬಾಲ ಇರುತ್ತದೆ. ‘ಉಡುಪಿ’ಯ ‘ಡ’ಕ್ಕೆ ಬಾಲದ ‘ಡಿ’, ‘ಮಣಿಪಾಲ’ದ ‘ಣ’ಕ್ಕೆ ಬಾಲದ ‘ಎನ್’, ‘ಮಂಗಳೂರು’ ಪದದ ‘ಳ’ಕ್ಕೆ ಬಾಲದ ‘ಎಲ್’.

ಪ್ರಶ್ನೆ (ಬ್ರಹ್ಮಾವರದ ಶಿಕ್ಷಕಿ): ಕೊನೆಯದಾಗಿ, ಬ್ರಿಟಿಷರಂತೆಯೇ ಮಾತನಾಡಿಸಬೇಕೇ?

ಉತ್ತರ: ಬೇಡ. ‘ಕಾರ್’ನ ರೇಫವನ್ನು ದಕ್ಷಿಣ ಇಂಗ್ಲೆಂಡಿನವರು ಬಿಡುತ್ತಾರೆ, ನಾವು ಹೇಳುತ್ತೇವೆ, ಅಮೆರಿಕದವರೂ ಹೇಳುತ್ತಾರೆ. ‘ಥಿಂಕ್’ನಲ್ಲಿ ನಾಲಿಗೆ ಹಲ್ಲಿನ ನಡುವೆ ಬರದೆ ನಮ್ಮ ‘ಥ’ ಬಂದರೂ ಅರ್ಥ ಕೆಡುವುದಿಲ್ಲ. ‘ತೆಳು’ ಎಂಬರ್ಥದ ‘ಥಿನ್’ ಮತ್ತು ಡಬ್ಬಿಯ ‘ಟಿನ್’ ನಮ್ಮ ಬಾಯಲ್ಲಿ ಬೇರೆಯಾಗಿಯೇ ಇವೆ. ಆದರೆ ‘ವೆಸ್ಟ್’ ಎಂದಾಗ ಪಶ್ಚಿಮವೋ ಬನಿಯನ್ನೋ ಗೊತ್ತಾಗದಿದ್ದರೆ ತಿದ್ದಬೇಕು. ಬನಿಯನ್ನಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಲಿ, ಪಶ್ಚಿಮಕ್ಕೆ ಹಲ್ಲು ತಾಗದೆ ತುಟಿಗಳೆರಡೂ ದುಂಡಾಗಲಿ. ಒತ್ತು, ಶ್ವಾ, ಪದದ ಆರಂಭದ ಉಸಿರು, ‘ವ’ದ ಎರಡು ರೂಪ: ಇಷ್ಟಕ್ಕೆ ಸಮಯ ಕೊಡಿ.

ಸುರತ್ಕಲ್‌ನ ವಿದ್ಯಾರ್ಥಿ: ಮೇಡಂ, ನೀವು ಹೇಳಿದ ಹಾಗೆ ಧ್ವನಿ ಎಣಿಸಿ ‘ಬನಾನಾ’, ‘ಇನಫ್’, ‘ಆಸ್ಕ್ಡ್’ ಬರೆದೆ. ‘ಬನಾನಾ’ಗೆ ತಲೆಕೆಳಗಾದ ‘ವಿ’, ಆಮೇಲೆ ಎರಡು ಕಡೆ ಉದ್ದ ‘ಆ’. ‘ಇನಫ್’ನಲ್ಲಿ 4 ಧ್ವನಿ, ಕೊನೆಗೆ ‘ಎಫ್’. ‘ಆಸ್ಕ್ಡ್’ ಕೊನೆಗೆ ‘ಡಿ’.

ಉತ್ತರ: ‘ಇನಫ್’ ಪೂರ್ತಿ ಸರಿ. ‘ಬನಾನಾ’ದಲ್ಲಿ ಉದ್ದ ‘ಆ’ ನಡುವೆ ಮಾತ್ರ, ಒತ್ತು ಅಲ್ಲೇ ಇದೆ. ಆಚೆ ಈಚೆ ಎರಡೂ ಕಡೆ ಶ್ವಾ. ಒತ್ತಿನ ಗೀಟನ್ನು ಮೊದಲ ‘ಎನ್’ ಅಕ್ಷರದ ಮುಂಚೆ ಹಾಕಿ. ‘ಆಸ್ಕ್ಡ್’ನಲ್ಲಿ ‘ಡ್’ಗೆ ಮುಂಚೆ ಇರುವುದು ಗಂಟಲು ಕಂಪಿಸದ ‘ಕ್’, ಆದ್ದರಿಂದ ಅದರ ನಂತರ ಬರುವುದು ‘ಟಿ’. ಗಂಟಲ ಮೇಲೆ ಬೆರಳಿಟ್ಟು ‘ಬೆಗ್ಡ್’, ‘ಆಸ್ಕ್ಟ್’ ಎರಡನ್ನೂ ಹೇಳಿ, ‘ಬೆಗ್ಡ್’ನ ಕೊನೆಯಲ್ಲಿ ಸಿಗುವ ಕಂಪನ ‘ಆಸ್ಕ್ಟ್’ನ ಕೊನೆಯಲ್ಲಿ ಸಿಗುವುದಿಲ್ಲ. ಇನ್ನು ‘ಪ್ಲೆಷರ್’, ‘ಸಿಂಗರ್’, ‘ಕಂಫರ್ಟಬಲ್’ ಬರೆದು ಕಳುಹಿಸಿ, ನೋಡುತ್ತೇನೆ.