ಹಿಟ್ಟೈಟ್ ಬರಹದ ಒಂಟಿ, ಇಮ್ಮಡಿ ವ್ಯಂಜನಗಳು: ‘ಶಿಥಿಲ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಸಾವಿರಾರು ವರ್ಷಗಳ ಹಿಂದೆ ಇಂದಿನ ಟರ್ಕಿಯಲ್ಲಿದ್ದ, ಸಂಸ್ಕೃತಕ್ಕೆ ದೂರದ ನಂಟಿರುವ ಹಿಟ್ಟೈಟ್ ಭಾಷೆಯ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಪಾರಿಭಾಷಿಕ ಪದಕ್ಕೆ ಸಿಕ್ಕಿಕೊಂಡು ನಾಲ್ಕು ದಿನಗಳಾದವು.

ಹಿಟ್ಟೈಟರ ರಾಜಧಾನಿಯಾಗಿದ್ದ ಹತ್ತುಸದಲ್ಲಿ ದೊರೆತ ಜೇಡಿಮಣ್ಣಿನ ಫಲಕಗಳಲ್ಲಿ ‘ತಿನ್ನುತ್ತಾರೆ’ ಎಂಬ ಒಂದೇ ಪದ ಕೆಲವೆಡೆ ಅ-ತ-ಅನ್-ತ್ಸಿ, ಕೆಲವೆಡೆ ಅ-ದ-ಅನ್-ತ್ಸಿ ಎಂದಿದೆ (ಅಡ್ಡಗೆರೆಗಳು ಒಂದೊಂದು ಗುರುತನ್ನು ಬೇರ್ಪಡಿಸುತ್ತವೆ). ಸಂಸ್ಕೃತದ ‘ಅದಂತಿ’ ಇದರ ದಾಯಾದಿ. ಮೆಸೊಪೊಟೇಮಿಯದಿಂದ ಬಂದ ಬೆಣೆಲಿಪಿಯಲ್ಲಿ (ಕ್ಯೂನಿಫಾರ್ಮ್) ತ, ದ ಎರಡಕ್ಕೂ ಬೇರೆ ಬೇರೆ ಗುರುತುಗಳಿದ್ದರೂ ಹಿಟ್ಟೈಟ್ ಲಿಪಿಕಾರರು ಒಂದರ ಬದಲು ಇನ್ನೊಂದನ್ನು ಬರೆದುಬಿಡುತ್ತಾರೆ. ಹಾಗೆಂದು ಅವರ ಕಿವಿಗೆ ಭೇದವೇ ತಿಳಿಯುತ್ತಿರಲಿಲ್ಲ ಎನ್ನಲಾಗದು. ಎರಡು ಸ್ವರಗಳ ನಡುವಿನ ವ್ಯಂಜನವನ್ನು ಒಮ್ಮೆ ಬರೆಯಬೇಕೋ ಎರಡು ಸಲವೋ ಎಂಬಲ್ಲಿ ಅವರು ಸಾಕಷ್ಟು ಕಟ್ಟುನಿಟ್ಟು. ‘ಅ-ಅಪ್-ಪ’ ಎಂದರೆ ‘ಹಿಂದೆ’; ‘ಅ-ಪ-ಅ-ಅಸ್’ ಎಂದರೆ ‘ಅವನು’.

ಇಮ್ಮಡಿ ಬರಹ ಮೂಲ ಇಂಡೋ-ಯುರೋಪಿಯನ್ನಿನ (ಹಿಟ್ಟೈಟ್, ಸಂಸ್ಕೃತ ಮೊದಲಾದವುಗಳ ತಾಯಿಭಾಷೆ) ಅಘೋಷಗಳಿಗೂ (ಕ, ತ, ಪ) ಒಂಟಿ ಬರಹ ಘೋಷ (ಗ, ದ, ಬ) ಮತ್ತು ಘೋಷ ಮಹಾಪ್ರಾಣಗಳಿಗೂ (ಘ, ಧ, ಭ) ಹೊಂದುತ್ತದೆ ಎಂಬ ನಿಯಮ ಅಮೆರಿಕದ ಭಾಷಾವಿಜ್ಞಾನಿ ಎಡ್ಗರ್ ಸ್ಟರ್ಟೆವಂಟ್ ಹೆಸರಿನಲ್ಲಿದೆ. ರೆಕ್ಕೆಗೆ ‘ಪತ್-ತರ್’, ಸಂಸ್ಕೃತದಲ್ಲಿ ‘ಪತ್ರ’. ಆಕಾಶಕ್ಕೆ ‘ನೆ-ಪಿ-ಇಸ್’, ಸಂಸ್ಕೃತದಲ್ಲಿ ‘ನಭಸ್’. ಎಷ್ಟು ಚೆಲುವಾದ ಹೊಂದಿಕೆ! ತಮಿಳು ಬಲ್ಲವರಿಗೆ ಇದು ಹೊಸದೆನಿಸದು: ‘ಮಕನ್’ ಎಂದು ಬರೆದು ‘ಮಗನ್’ ಎಂದು ಓದುತ್ತಾರೆ, ‘ಅಕ್ಕಾ’ದಲ್ಲಿ ಕಕಾರ ಕಕಾರವಾಗಿಯೇ ಉಳಿಯುತ್ತದೆ.

ತೊಡಕು ಇಲ್ಲಿದೆ. ಹಿಟ್ಟೈಟರ ಬಾಯಲ್ಲಿ ಈ ಭೇದ ಘೋಷ-ಅಘೋಷದ್ದೇ, ಇಲ್ಲ ವ್ಯಂಜನವನ್ನು ಎಷ್ಟು ಹೊತ್ತು ಹಿಡಿಯುತ್ತಾರೆ ಎಂಬುದರದೇ ಎಂದು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಯಾವ ಪಕ್ಷಕ್ಕೂ ಸೇರದಂತೆ ಇಮ್ಮಡಿಗೆ ‘ಫೋರ್ಟಿಸ್’ (ಗಟ್ಟಿ), ಒಂಟಿಗೆ ‘ಲೆನಿಸ್’ (ಮೆದು) ಎನ್ನುವುದು ರೂಢಿ. ಕನ್ನಡದಲ್ಲಿ ‘ಘೋಷ’ ಎಂದರೂ ‘ದ್ವಿತ್ವ’ ಎಂದರೂ ನಾನು ಒಂದು ಪಕ್ಷ ವಹಿಸಿದಂತಾಗುತ್ತದೆ. ಲೆನಿಸ್‌ಗೆ ‘ಶಿಥಿಲ’ ಒಪ್ಪುತ್ತದೆ ಎಂದುಕೊಂಡೆ. ಆದರೆ ಕೇಶಿರಾಜನ ‘ಶಿಥಿಲದ್ವಿತ್ವ’ ನೆನಪಾಗಿ ಕೈ ತಡೆಯಿತು. ಅಲ್ಲಿ ಒತ್ತಕ್ಷರವನ್ನೇ ತೇಲಿಸಿ ಉಚ್ಚರಿಸುವುದರಿಂದ ಹಿಂದಿನ ಅಕ್ಷರ ಲಘುವಾಗಿ ಉಳಿಯುತ್ತದೆ. ಇಲ್ಲಿ ಎರಡು ಸಲ ಬರೆದದ್ದು ಗಟ್ಟಿ, ಒಂಟಿಯಾದದ್ದು ಮೆದು. ಹಳಗನ್ನಡ ವ್ಯಾಕರಣ ಓದಿದವರು ಖಂಡಿತ ದಾರಿ ತಪ್ಪುತ್ತಾರೆ.

ಸದ್ಯಕ್ಕೆ ‘ಬಿಗಿ ವ್ಯಂಜನ’, ‘ಸಡಿಲ ವ್ಯಂಜನ’ ಎಂದು ಬರೆದುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯ ಜೋಡಿ ನಿಮ್ಮಲ್ಲಿದೆಯೇ? ಇನ್ನೊಂದು ಮಾತು: ‘ತಿನ್ನುತ್ತಾರೆ’ ಎಂಬ ಆ ಪದವನ್ನು ಲೇಖನದ ನಡುವೆ ಕನ್ನಡ ಲಿಪಿಯಲ್ಲಿ ಬರೆಯುವಾಗ ತ, ದ ಎರಡರಲ್ಲಿ ಒಂದನ್ನು ಆರಿಸಲೇಬೇಕು. ನನ್ನ ಒಲವು ದಕಾರದ ಕಡೆಗಿದೆ. ನೀವಾಗಿದ್ದರೆ ಯಾವುದನ್ನು ಬರೆಯುತ್ತಿದ್ದಿರಿ?