ಆರ್‌ಒ ನೀರು ಹಾಕಿದ್ರೂ ಸ್ನೇಲ್ ಎಲ್ಲ ಸಾಯ್ತಾ ಉಂಟು, ಹೊಸ ಯೂನಿಟ್ ಯಾವುದು ತಗೊಳ್ಳಲಿ?

ಪರ್ಕಳ_ರೀಫ್
ಸಾಕಾಗಿ ಹೋಯ್ತು ಮಾರಾಯ್ರೆ. ಸಮುದ್ರದ ಮೀನಿನ ಮೂರಡಿ ಟ್ಯಾಂಕ್, ಸಂಪ್ (ಕೆಳಗಿನ ಫಿಲ್ಟರ್ ತೊಟ್ಟಿ) ಸೇರಿ 200 ಲೀಟರ್ ಹತ್ರ ನೀರು, ಲೈವ್ ರಾಕ್, ಎರಡು ಕ್ಲೌನ್ ಮೀನು ಒಂದು ಗೋಬಿ ಮೀನು. ಮೀನುಗಳಿಗೆ ಎಂತದೂ ಇಲ್ಲ, ಗಡದ್ದಾಗಿ ತಿಂತವೆ. ಆದ್ರೆ ಪಾಚಿ ತಿನ್ನುವ ಟರ್ಬೊ ಸ್ನೇಲ್ (ಬಸವನಹುಳು) ಹಾಕಿದ್ರೆ ವಾರದೊಳಗೆ ಮಗುಚಿ ಬೀಳ್ತದೆ, ಕ್ಲೀನರ್ ಶ್ರಿಂಪ್ ತಂದದ್ದು ಮರುದಿನ ಬೆಳಿಗ್ಗೆ ನೋಡುವಾಗ ಇಲ್ಲ, ಗಾಜಿನ ಮೇಲೆ ಕಂದು ಪಾಚಿ ಉಜ್ಜಿ ಉಜ್ಜಿ ಕೈ ಸೋತುಹೋಯ್ತು. ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 10, ಸಲಿನಿಟಿ 35. ನೀರು ಆರ್‌ಒದ್ದೇ ಹಾಕುದು, ಅದರಲ್ಲಿ ಚೌಕಾಸಿ ಮಾಡ್ಲಿಲ್ಲ. ಅಂಗಡಿಯವರು ಹೇಳ್ತಾರೆ ಟ್ಯಾಂಕಿಗೇ ಬೇರೆ ದೊಡ್ಡ ಯೂನಿಟ್ ಬೇಕು ಅಂತ. 75 ಜಿಪಿಡಿ (ದಿನಕ್ಕೆ ಇಷ್ಟು ಗ್ಯಾಲನ್) ಸಾಕಾ 100 ಬೇಕಾ, ನಾಲ್ಕು ಸ್ಟೇಜಾ ಆರು ಸ್ಟೇಜಾ? ಗೊತ್ತಿದ್ದವರು ಸೀದಾ ಒಂದು ಹೆಸರು ಹೇಳಿ, ನಾಡಿದ್ದು ಮಂಗಳೂರಿಗೆ ಹೋಗ್ಲಿಕ್ಕುಂಟು.

ಕಾವೇರಿಕೋರಲ್ (ಬೆಂಗಳೂರು)
ಕ್ಲೋರಮಿನ್ ಗುರು, ಕ್ಲೋರಿನ್ ಜೊತೆ ಅಮೋನಿಯ ಸೇರಿ ಆಗೋದು, ಕೆಲವು ಕಡೆ ನಲ್ಲಿ ನೀರಿಗೆ ಹಾಕ್ತಾರೆ. ಕಣ್ಣು ಮುಚ್ಕೊಂಡು ಹೇಳ್ತೀನಿ. ಮಾಮೂಲಿ ಕಾರ್ಬನ್ ಬ್ಲಾಕ್ ಕ್ಲೋರಿನ್ ತೆಗೆಯುತ್ತೆ, ಕ್ಲೋರಮಿನ್‌ಗೆ ಸುಲಭಕ್ಕೆ ಬಗ್ಗಲ್ಲ, ಉಪ್ಪು ತಡೆಯೋ ಆರ್‌ಒ ಮೆಂಬ್ರೇನ್ ದಾಟಿ ಬಂದುಬಿಡುತ್ತೆ, ಒಡೆದಾಗ ಅಮೋನಿಯ ಬೇರೆ ಬಿಡುತ್ತೆ. ಕ್ಯಾಟಲಿಟಿಕ್ ಕಾರ್ಬನ್ ಎರಡು ಸಾಲಾಗಿ ಹಾಕಿ, ಆಮೇಲೆ ಡಿಐ (ಉಳಿದ ಉಪ್ಪನ್ನೂ ಹೀರೋ ರೆಸಿನ್). ನನ್ನ ಸೆಟಪ್ಪಲ್ಲಿ ಏಳು ಸ್ಟೇಜ್ ಇದೆ, ಫೋಟೊ ಹಾಕ್ತೀನಿ ತಾಳಿ.

ಬೆಂದೂರ್‌ವೆಲ್_ನ್ಯಾನೊ
ಟಿಡಿಎಸ್, ಅಂದ್ರೆ ನೀರಲ್ಲಿ ಕರಗಿದ ಉಪ್ಪು ಖನಿಜದ ಅಳತೆ, ಎಷ್ಟು ಬರ್ತದೆ ಅಂತ ಬರೀಲೇ ಇಲ್ವಲ್ಲ? ಮತ್ತೆ ಸ್ನೇಲ್ ತಂದು ಸೀದಾ ಟ್ಯಾಂಕಿಗೆ ಬಿಡುದಾ, ಡ್ರಿಪ್ ಮಾಡಿ, ಅಂದ್ರೆ ಟ್ಯಾಂಕಿನ ನೀರು ಹನಿ ಹನಿ ಸೇರಿಸಿ ಒಗ್ಗಿಸಿ ಬಿಡುದಾ? ಅಂಗಡಿ ಟ್ಯಾಂಕಲ್ಲಿ ಸಲಿನಿಟಿ 28-30ಕ್ಕೆ ಇಟ್ಟಿರ್ತಾರೆ, ಅದನ್ನು ಒಮ್ಮೆಲೆ 35ಕ್ಕೆ ಹಾಕಿದ್ರೆ ಯಾವ ಸ್ನೇಲ್ ಬದುಕ್ತದೆ.

ಪರ್ಕಳ_ರೀಫ್
ಡ್ರಿಪ್ ಮಾಡಿಯೇ ಬಿಡುದು. ಟಿಡಿಎಸ್ 48. ಕುಡಿಯುವ ನೀರಿಗೆ ಇದು ಫಸ್ಟ್ ಕ್ಲಾಸ್ ಅಂತ ಸರ್ವಿಸಿನ ಹುಡುಗನೇ ಮೀಟರ್ ಹಿಡಿದು ತೋರಿಸಿದ್ದಾನೆ. ಯೂನಿಟ್ ಹೆಸರು ಹೇಳಿ ಅಂದ್ರೆ ನೀವು ನನ್ನನ್ನೇ ಕೇಳ್ತಾ ಇದ್ದೀರಿ.

ಕಾವೇರಿಕೋರಲ್
48ರಲ್ಲಿ ಏನೇನಿದೆ ಅಂತ ಮೀಟರ್ ಹೇಳಲ್ಲ ಗುರು. ಕ್ಲೋರಮಿನ್ ಟೆಸ್ಟ್ ಮಾಡ್ಸಿ ಮೊದಲು. ಟೋಟಲ್ ಕ್ಲೋರಿನ್ ಕಿಟ್ ಸಿಗುತ್ತೆ.

ಹಳೇ_ಸಂಪ್ (ಉಡುಪಿ)
48 ಔಟ್‌ಪುಟ್ ಸರಿ, ಇನ್‌ಪುಟ್ ಎಷ್ಟು? ಅದು ಗೊತ್ತಾಗದೆ ಆ 48ಕ್ಕೆ ಬೆಲೆ ಇಲ್ಲ.

ಪರ್ಕಳ_ರೀಫ್
ಬಾವಿ ನೀರು 70 ಉಂಟು. ಬಾವಿ ಅಂತ ಬೇರೆ ಬರೀಬೇಕಿತ್ತಾ? ಪರ್ಕಳ ಅಂದ್ಮೇಲೆ ಬಾವಿಯೇ ಅಲ್ವಾ ಮಾರಾಯ್ರೆ.

ಬೆಂದೂರ್‌ವೆಲ್_ನ್ಯಾನೊ
ಹಹ್ಹಾ, ಕ್ಲೋರಮಿನ್ ಬಾವಿಗೆ ಬಿತ್ತು.

ಕಾವೇರಿಕೋರಲ್
ನಗೋದು ಆಮೇಲೆ. ಬಾವಿಗೂ ಬ್ಲೀಚಿಂಗ್ ಪೌಡರ್ ಹಾಕ್ತಾರೆ, ಅದರ ಜೊತೆ ಗೊಬ್ಬರದ ಅಮೋನಿಯ ಸೇರಿದ್ರೆ ಕ್ಲೋರಮಿನ್ ಆಗುತ್ತೆ, ಕೆಮಿಸ್ಟ್ರಿ ಓದಿರೋರಿಗೆ ಗೊತ್ತು.

ಹಳೇ_ಸಂಪ್
ಆಗ್ತದೆ, ಇಲ್ಲ ಅನ್ನುದಿಲ್ಲ. ಆದ್ರೆ ಅವರು ಬಾವಿಗೆ ಪೌಡರ್ ಹಾಕಿದ್ದಾರೆ ಅಂತ ನಿಮಗೆ ಹೇಳಿದ್ದು ಯಾರು? ಅದನ್ನು ಬಿಡಿ, ಇಲ್ಲಿ ನಂಬರ್ ನೋಡಿ. ಸರಿ ಇರುವ ಮೆಂಬ್ರೇನ್ ನೂರರಲ್ಲಿ 95-98 ಪಾಲು ತಡೀತದೆ. 70 ಒಳಗೆ ಹೋದ್ರೆ ಹೊರಗೆ ಹೆಚ್ಚಂದ್ರೆ 3-4 ಬರ್ಬೇಕು. 48 ಬರ್ತದೆ ಅಂದ್ರೆ ಒಂದೋ ಮೆಂಬ್ರೇನ್ ಹರಿದಿದೆ, ಇಲ್ಲಾ ನೀವು ಹೇಳುವ ಆರ್‌ಒ ಅಡುಗೆಮನೆ ಗೋಡೆಯಲ್ಲಿ ನೇತಾಡುವ ಮೆಷಿನು, ಅದರಲ್ಲಿ ಟಿಡಿಎಸ್ ಕಂಟ್ರೋಲರ್ ಅಂತ ಒಂದು ಸ್ಕ್ರೂ ಇರ್ತದೆ. ನೀರು ಸಪ್ಪೆ ಅಂತ ಮನೆಯವರು ದೂರು ಹೇಳಿದ್ರೆ ಸರ್ವಿಸಿನವ ಬಂದು ಅದನ್ನು ತಿರುಗಿಸಿ ಮೆಂಬ್ರೇನಿಗೆ ಹೋಗದ ನೀರನ್ನೂ ಮಿಕ್ಸ್ ಮಾಡಿ ಹೋಗ್ತಾನೆ. ಕುಡಿಯುವವರಿಗೆ ತೊಂದರೆ ಇಲ್ಲ. ಟ್ಯಾಂಕಿಗೆ ಮಾತ್ರ ನೀವು ಮೂರರಲ್ಲಿ ಎರಡು ಪಾಲು ಬಾವಿ ನೀರನ್ನೇ ಹಾಕ್ತಾ ಇದ್ದೀರಿ. ಕಂದು ಪಾಚಿಯ ಕಾರಣ ಅಲ್ಲೇ ಉಂಟು, ನಮ್ಮ ಮುರಕಲ್ಲಿನ (ಕೆಂಪು ಕಲ್ಲಿನ) ನೀರಲ್ಲಿ ಸಿಲಿಕ ಇರ್ತದೆ, ಕಂದು ಪಾಚಿ ಅದರಿಂದಲೇ ಬೆಳೆಯುದು, ಮೀಟರ್ ಅದನ್ನು ಸರಿಯಾಗಿ ತೋರಿಸುವುದೂ ಇಲ್ಲ.

ಪರ್ಕಳ_ರೀಫ್
ಹೌದು ಅಡುಗೆಮನೆಯದ್ದೇ. ಮೆಷಿನ್ ಹೊಸತು, ಒಳ್ಳೆ ದುಡ್ಡು ಕೊಟ್ಟು ತಗೊಂಡದ್ದು, ಮೆಂಬ್ರೇನ್ ಹರೀಲಿಕ್ಕೆ ಸಾಧ್ಯವೇ ಇಲ್ಲ.

ಸುರತ್ಕಲ್_ಸಾಲ್ಟಿ
ಎಂತ ಅವಸ್ಥೆ ಮಾರ್ರೆ ನಿಮ್ದು. ಮಲ್ಪೆ ಅಷ್ಟು ಹತ್ತಿರ ಇಟ್ಕೊಂಡು ಉಪ್ಪಿನ ಪ್ಯಾಕೆಟ್ ತಂದು ಕಲಸ್ತೀರಾ? ನಾನು ಸೀದಾ ಸಮುದ್ರದ ನೀರೇ ಹಾಕುದು. ಬೋಟಿನವರ ಹತ್ರ ಕ್ಯಾನ್ ಕೊಟ್ಟು ಕಳಿಸಿದ್ರೆ ಆಳದಿಂದ ತುಂಬಿಸಿ ತರ್ತಾರೆ, ಕತ್ತಲೆ ರೂಮಲ್ಲಿ ಎರಡು ವಾರ ಇಟ್ಟು, ಕಾರ್ಬನ್ ಓಡಿಸಿ ಹಾಕಿದ್ರೆ ಆಯ್ತು. ನನ್ನ ಆರಡಿ ಟ್ಯಾಂಕಲ್ಲಿ ಟಾರ್ಚ್ ಕೋರಲ್, ಹ್ಯಾಮರ್ ಕೋರಲ್, ಎಲ್ಲ ಸೊಂಪಾಗಿ ಬೆಳೆದಿದೆ, ಆರ್‌ಒ ಗೀರ್‌ಒ ಎಂತದೂ ಇಲ್ಲ.

ಬೆಂದೂರ್‌ವೆಲ್_ನ್ಯಾನೊ
ಮಳೆಗಾಲದಲ್ಲಿ ಎಂತ ಮಾಡ್ತೀರಿ? ಜೂನ್ 1ರಿಂದ ಜುಲೈ 31ರವರೆಗೆ ಬೋಟೇ ಇಳಿಯುದಿಲ್ಲ. ದಡದ ನೀರು ತಂದ್ರೆ ನೇತ್ರಾವತಿ ಫಲ್ಗುಣಿ ಎರಡೂ ಕೆಂಪು ನೀರು ತಂದು ಸುರೀತಾ ಇರ್ತವೆ, ಸಲಿನಿಟಿ ಎಲ್ಲಿಗೋ ಇಳೀತದೆ. ಬಂದರಿನ ಹತ್ರ ಆದ್ರೆ ಡೀಸೆಲ್ ಫ್ರೀ.

ಸುರತ್ಕಲ್_ಸಾಲ್ಟಿ
ಮೇ ತಿಂಗಳಲ್ಲೇ ಸ್ಟಾಕ್ ಮಾಡಿ ಇಡುದು. 500 ಲೀಟರಿನ ಡ್ರಮ್ಮು ಎರಡು ಉಂಟು. ಫ್ಲಾಟಿನವರಿಗೆ ಇದೆಲ್ಲ ಆಗುದಿಲ್ಲ ಬಿಡಿ.

ಹಳೇ_ಸಂಪ್
ಸಮುದ್ರದ ನೀರಿಗೆ ನಾನು ವಿರೋಧ ಅಲ್ಲ, ತುಂಬಾ ಜನ ಹಾಕ್ತಾರೆ. ಆದ್ರೆ ಸಾಲ್ಟಿಯವರೇ, ಟಾಪ್ ಆಫ್‌ಗೆ ಎಂತ ಹಾಕ್ತೀರಿ? ನೀರು ಆವಿ ಆಗಿ ಹೋಗುವಾಗ ಉಪ್ಪು ಇಲ್ಲೇ ಉಳೀತದೆ, ತುಂಬಿಸಬೇಕಾದ್ದು ಸಿಹಿನೀರು. ಅದಕ್ಕೆ ಸಮುದ್ರದ ನೀರು ಆಗುದಿಲ್ಲ.

ಸುರತ್ಕಲ್_ಸಾಲ್ಟಿ
ಎಸಿ ನೀರು. ಹನಿ ಹನಿ ಬಕೆಟಿಗೆ ಬೀಳ್ತದೆ, ಟಿಡಿಎಸ್ 10ರ ಒಳಗೆ.

ಕುಂದಾಪ್ರ_ಬೊಂಡಾಸ್
ಹ್ವಾಯ್, ಎಸಿ ನೀರಾ! ಎಸಿಯ ಒಳಗಿನ ಕಾಯಿಲ್ ಸುಮಾರು ಮೆಷಿನಲ್ಲಿ ತಾಮ್ರದ್ದೇ ಅಲ್ದಾ? ನಿಮ್ಮ ಟ್ಯಾಂಕಲ್ಲಿ ಸ್ನೇಲ್ ಇತ್ತಾ?

ಸುರತ್ಕಲ್_ಸಾಲ್ಟಿ
ಸ್ನೇಲ್ ನಾನು ಇಡುದಿಲ್ಲ. ನನಗೆ ಇಷ್ಟ ಇಲ್ಲ.

ಕುಂದಾಪ್ರ_ಬೊಂಡಾಸ್
ಇಷ್ಟ ಇಲ್ದೆ ಅಲ್ಲ, ಬದ್ಕೂದಿಲ್ಲ ಅಂತ ಹೇಳಿ. ಪರ್ಕಳದವ್ರೆ, ಮೀನಿಗೆ ಎಂತ ಆಗ್ಲಿಲ್ಲ, ಸ್ನೇಲ್ ಶ್ರಿಂಪ್ ಮಾತ್ರ ಹೋಯ್ತ್ ಅಂದ್ರೆ ನನಗೆ ಮೊದ್ಲು ತಲೆಗೆ ಬರುದು ತಾಮ್ರ. ನಿಮ್ಮ ಅಡುಗೆಮನೆ ಮೆಷಿನಿನ ಮುಂದೆ ಎಂತ ಬರ್ದಿದೆ ಒಂದ್ಸಲ ಕಾಣಿ ಮಾರ್ರೆ.

ಪರ್ಕಳ_ರೀಫ್
ಆರ್‌ಒ ಪ್ಲಸ್ ಯುವಿ ಪ್ಲಸ್ ಕಾಪರ್ ಅಂತ ಉಂಟು. ತಾಮ್ರ ಆರೋಗ್ಯಕ್ಕೆ ಒಳ್ಳೆದು ಅಂತ ಅಮ್ಮನೇ ಅದನ್ನು ಆರಿಸಿದ್ದು. ಇದನ್ನು ಮೊದಲೇ ಯಾರಾದ್ರೂ ಕೇಳಿದ್ರೆ ಹೇಳ್ತಿದ್ದೆ.

ಬೆಂದೂರ್‌ವೆಲ್_ನ್ಯಾನೊ
🤦

ಕಾವೇರಿಕೋರಲ್
ಅಷ್ಟು ಸಣ್ಣ ಕಾರ್ಟ್ರಿಡ್ಜ್‌ನಲ್ಲಿ ಏನು ಮಹಾ ತಾಮ್ರ ಬಿಡುತ್ತೆ? ಕುಡಿಯೋ ನೀರಿಗೆ ಸರ್ಕಾರದ ಲಿಮಿಟ್ ಇದೆ. ನಾನಂತೂ ಇನ್ನೂ ಕ್ಲೋರಮಿನ್ ಪಕ್ಷ.

ಹಳೇ_ಸಂಪ್
ಐಎಸ್ 10500 ಪ್ರಕಾರ ಕುಡಿಯುವ ನೀರಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದ ಜಾಗದಲ್ಲಿ 1.5ರವರೆಗೂ ಬಿಡ್ತಾರೆ. ಅದು ಮನುಷ್ಯರ ಲೆಕ್ಕ. ಮೀನಿಗೆ ವೈಟ್ ಸ್ಪಾಟ್ ಬಂದಾಗ ಬೇರೆ ಟ್ಯಾಂಕಲ್ಲಿಟ್ಟು ತಾಮ್ರದ ಮದ್ದು ಹಾಕ್ತೇವಲ್ಲ, ಚೀಲೇಟ್ ಮಾಡದ (ಬೇರೆ ವಸ್ತುವಿಗೆ ಕಟ್ಟದ) ತಾಮ್ರ ಆದ್ರೆ 0.2 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಹತ್ರ, ಅದರಲ್ಲಿ ಮೀನು ಬದುಕ್ತದೆ, ಸ್ನೇಲ್ ಶ್ರಿಂಪ್ ಬದುಕುದಿಲ್ಲ. ಈಗ ಇವರ ಟ್ಯಾಂಕಿಗೆ ದಿನಕ್ಕೆ 3 ಲೀಟರ್ ಟಾಪ್ ಆಫ್ ಹಿಡೀರಿ, ಫ್ಯಾನ್ ಇದ್ರೆ ಅಷ್ಟು ಹೋಗಿಯೇ ಹೋಗ್ತದೆ, ತಿಂಗಳಿಗೆ 90 ಲೀಟರ್. ಲೀಟರಿಗೆ 0.05 ಅಂದ್ರೂ 4.5 ಮಿಲಿಗ್ರಾಂ ತಾಮ್ರ ಒಳಗೆ ಹೋಯ್ತು, 200 ಲೀಟರಿಗೆ ಹಂಚಿದ್ರೆ ತಿಂಗಳಿಗೆ 0.02 ಏರ್ತದೆ, ಆವಿಯ ಜೊತೆ ಅದು ಹೊರಗೆ ಹೋಗುವ ವಸ್ತು ಅಲ್ಲ. ಉಪ್ಪು ಕಲಸುವ ನೀರಿನ ಲೆಕ್ಕ ಇದರಲ್ಲಿ ಸೇರಿಸಿಲ್ಲ. ಸ್ವಲ್ಪ ಪಾಲು ಕಲ್ಲು ಮರಳಿಗೆ ಅಂಟಿ ಕೂರ್ತದೆ, ಆಮೇಲೆ ನಿಧಾನಕ್ಕೆ ವಾಪಸ್ ಬಿಡ್ತದೆ, ಹಾಗಾಗಿ ಒಂದು ವಾಟರ್ ಚೇಂಜಲ್ಲಿ ಇದು ಮುಗಿಯುವ ಕಥೆ ಅಲ್ಲ.

ಪರ್ಕಳ_ರೀಫ್
ಆಯ್ತು, ಅದನ್ನು ಹಾಕುದು ನಿಲ್ಲಿಸಿದೆ. ಮಂಡೆ ಬಿಸಿ ಆಗಿದೆ. ಈಗಾದ್ರೂ ಯೂನಿಟ್ ಹೇಳ್ತೀರಾ? ಆರು ಸ್ಟೇಜ್ ಒಂದು ಆನ್‌ಲೈನಲ್ಲಿ ಚೀಪ್ ಉಂಟು, ಆಲ್ಕಲೈನ್ ಸ್ಟೇಜ್ ಕೂಡ ಇದೆಯಂತೆ.

ಹಳೇ_ಸಂಪ್
ಬೇಡ. ಆಲ್ಕಲೈನ್ ಸ್ಟೇಜ್ ಅಂದ್ರೆ ಮೆಂಬ್ರೇನ್ ತೆಗೆದದ್ದನ್ನು ಪುನಃ ಸೇರಿಸುವ ಕಾರ್ಟ್ರಿಡ್ಜ್, ದುಡ್ಡು ಕೊಟ್ಟು ತೆಗೆಸಿ ದುಡ್ಡು ಕೊಟ್ಟು ಹಾಕಿಸುದು ಯಾಕೆ. ಸ್ಟೇಜ್ ಲೆಕ್ಕ ಮಾಡ್ಬೇಡಿ. ನಿಮಗೆ ಬೇಕಾದ್ದು ಕೆಸರು ತಡೆಯುವ 5 ಮೈಕ್ರಾನ್ ಸ್ಪನ್ ಫಿಲ್ಟರ್, ಒಂದು ಕಾರ್ಬನ್ ಬ್ಲಾಕ್, 75 ಜಿಪಿಡಿ ಮೆಂಬ್ರೇನ್, ಕೊನೆಗೆ ಮಿಕ್ಸೆಡ್ ಬೆಡ್ ಡಿಐ. 75 ಜಿಪಿಡಿ ಅಂದ್ರೆ ದಿನಕ್ಕೆ 280 ಲೀಟರ್ ಚಿಲ್ಲರೆ, ನಿಮಗೆ ವಾರಕ್ಕೆ 40 ಲೀಟರ್ ಸಾಕು, 100 ತಗೊಂಡು ಎಂತ ಮಾಡ್ತೀರಿ. ಆದ್ರೆ ಆ 280 ಸಿಗುದು 50-60 ಪಿಎಸ್‌ಐ ಪ್ರೆಶರ್ ಇದ್ರೆ ಮಾತ್ರ. ಹತ್ತು ಮೀಟರ್ ಎತ್ತರದ ಟ್ಯಾಂಕಿಗೇ 14 ಪಿಎಸ್‌ಐ ಹತ್ರ ಬರುದು, ಟೆರೇಸಿನ ಟ್ಯಾಂಕಿಂದ ನಿಮಗೆ 5-6 ಬಂದ್ರೆ ಪುಣ್ಯ. ಬೂಸ್ಟರ್ ಪಂಪ್ ಇಲ್ಲದ ಕಿಟ್ ಮುಟ್ಬೇಡಿ, ವಿದೇಶದ ವಿಡಿಯೋ ನೋಡಿ ಸುಮಾರು ಜನ ಇಲ್ಲೇ ಎಡವುದು.

ಮತ್ತೆ ಒಂದು ವಿಷಯ, ಇದನ್ನು ಬಾವಿ ನೀರಿನವರೆಲ್ಲ ಓದಿ. ನಮ್ಮ ಮುರಕಲ್ಲು ಗುಡ್ಡದ ಬಾವಿ ನೀರು ಹುಳಿ, ಪಿಎಚ್ 6ರ ಕೆಳಗೂ ಬರ್ತದೆ, ಅದಕ್ಕೆ ಮುಖ್ಯ ಕಾರಣ ಕರಗಿದ ಕಾರ್ಬನ್ ಡೈಆಕ್ಸೈಡ್. ಅದು ಗ್ಯಾಸ್, ಮೆಂಬ್ರೇನ್ ಅದನ್ನು ತಡೆಯುದಿಲ್ಲ. ಆರ್‌ಒ ನೀರು ಟಿಡಿಎಸ್ 3 ಅಂತ ನೀವು ಖುಷಿಯಲ್ಲಿ ಇರ್ತೀರಿ, ಈ ಗ್ಯಾಸ್ ಹೋಗಿ ಡಿಐ ಒಳಗಿನ ಆನಯಾನ್ ರೆಸಿನನ್ನು ತಿಂದು ಮುಗಿಸ್ತದೆ. ಬಣ್ಣ ಬದಲಾಗುವ ರೆಸಿನ್ ಆದ್ರೆ ಕಣ್ಣೆದುರೇ ಮೇಲಕ್ಕೆ ಹತ್ತುದು ಕಾಣ್ತದೆ, ಆಗ ಎಲ್ಲರೂ ರೆಸಿನ್ ಡೂಪ್ಲಿಕೇಟ್ ಅಂತ ಅಂಗಡಿಯವರಿಗೆ ಬೈಯುದು. ಪರೀಕ್ಷೆ ಸುಲಭ: ಬಾವಿಯಿಂದ ಆಗಷ್ಟೇ ತೆಗೆದ ನೀರಿನ ಪಿಎಚ್ ನೋಡಿ, ಅದೇ ನೀರಿಗೆ ರಾತ್ರಿ ಇಡೀ ಏರ್ ಸ್ಟೋನ್ ಬಿಟ್ಟು ಬೆಳಿಗ್ಗೆ ಪುನಃ ನೋಡಿ. ಪಿಎಚ್ 0.5ಕ್ಕಿಂತ ಹೆಚ್ಚು ಏರಿದ್ರೆ ಗ್ಯಾಸ್ ಇದೆ ಅಂತ. ಇದ್ರೆ ಆರ್‌ಒ ನೀರನ್ನು ಮೊದಲು ಬಾಯಿ ಅಗಲದ ಡ್ರಮ್ಮಿಗೆ ಬಿಟ್ಟು, ಏರ್ ಪಂಪ್ ಹಾಕಿ ಒಂದು ದಿನ ಬಿಡಿ, ಆಮೇಲೆ ಸಣ್ಣ ಪಂಪಲ್ಲಿ ಡಿಐಗೆ ತಳ್ಳಿ. ನನ್ನ ರೆಸಿನ್ ಈಗ ಮೊದಲಿಗಿಂತ ಎಷ್ಟೋ ಪಟ್ಟು ಹೆಚ್ಚು ಬರ್ತದೆ.

ಬೆಂದೂರ್‌ವೆಲ್_ನ್ಯಾನೊ
ಇದು ನನಗೆ ಹೊಸತು. ಮಂಗಳೂರಿಗೆ ಬರುವ ತುಂಬೆ ಡ್ಯಾಮಿನ ನೀರಿಗೆ ಈ ತೊಂದರೆ ಬಂದದ್ದಿಲ್ಲ, ನಮ್ಮಲ್ಲಿ ಕ್ಲೋರಿನ್ ವಾಸನೆ, ಮಳೆ ಶುರುವಾದ್ರೆ ಸ್ಪನ್ ಕೆಸರಿನ ಬಣ್ಣ. ಬೇಸಿಗೆಯಲ್ಲಿ ಸಪ್ಲೈ ಕಮ್ಮಿ ಆದಾಗ ಅಸೋಸಿಯೇಶನ್‌ನವರು ಬೋರ್‌ವೆಲ್ ನೀರು ಸೇರಿಸ್ತಾರೆ, ನೋಟಿಸ್ ಬೋರ್ಡಲ್ಲಿ ಹಾಕುದೂ ಇಲ್ಲ, ಮೀಟರೇ ಗತಿ.

ಕುಂದಾಪ್ರ_ಬೊಂಡಾಸ್
ಸಂಪಣ್ಣ, ಅಡುಗೆಮನೆ ಮೆಷಿನಿಗೇ ಮೆಂಬ್ರೇನಿನ ಪಕ್ಕದಲ್ಲಿ ಪೈಪಿಗೆ ಒಂದು ಟೀ ಜಾಯಿಂಟ್ ಹಾಕಿ, ಕಾಪರಿಗೆ ಹೋಗುವ ಮೊದ್ಲೇ ನೀರು ತೆಗ್ದ್ರೆ ಆತಿಲ್ಯಾ? ಪಂಪು ಮೆಂಬ್ರೇನು ಎರಡೂ ಅದ್ರಲ್ಲೇ ಇತ್ತಲ್ದಾ, ಡಿಐ ಹೌಸಿಂಗ್ ಮಾತ್ರ ತಂದ್ರೆ ಆಯ್ತ್.

ಹಳೇ_ಸಂಪ್
ಆಗ್ತದೆ, ನಾನೇ ಹೇಳುವವನಿದ್ದೆ. ಮೆಂಬ್ರೇನಿಂದ ಹೊರಬರುವ ಕಾಲಿಂಚಿನ ಪೈಪಲ್ಲೇ ಕತ್ತರಿಸ್ಬೇಕು, ಟಿಡಿಎಸ್ ಕಂಟ್ರೋಲರ್ ಆದ ಮೇಲೆ ತೆಗೆದ್ರೆ ಪುನಃ ಅದೇ ಕಥೆ. ಮೊದಲು ಬರುವ ಒಂದೆರಡು ಲೀಟರ್ ಚೆಲ್ಲಿ, ಮೆಷಿನ್ ನಿಂತಿದ್ದಾಗ ಉಪ್ಪು ಮೆಂಬ್ರೇನ್ ದಾಟಿ ಬಂದಿರ್ತದೆ. ಹಿತ್ತಾಳೆ ನಲ್ಲಿ, ಹಿತ್ತಾಳೆ ಜಾಯಿಂಟ್ ಎಲ್ಲಿಯೂ ಬೇಡ, ಎಲ್ಲ ಪ್ಲಾಸ್ಟಿಕ್. ವಾರಂಟಿ ಹೋಗ್ತದೆ ಅದು ಬೇರೆ ವಿಷಯ.

ಪರ್ಕಳ_ರೀಫ್
ಮೆಷಿನ್ ಮುಟ್ಲಿಕ್ಕೆ ಅಮ್ಮ ಬಿಡುದಿಲ್ಲ. ವಾರಂಟಿ ಇನ್ನೂ ಉಂಟು. ಬೇರೆಯೇ ತಗೊಳ್ತೇನೆ. ಮೆಂಬ್ರೇನ್ ಹೊರಗೆ ಬಿಡುವ ರಿಜೆಕ್ಟ್ ನೀರು ತೆಂಗಿನ ಬುಡಕ್ಕೆ ಬಿಡಬಹುದಾ?

ಹಳೇ_ಸಂಪ್
70ರ ಬಾವಿ ನೀರಿಗೆ ರಿಜೆಕ್ಟ್ 100ರ ಆಸುಪಾಸು ಬರ್ತದೆ, ತೆಂಗಿಗೆ ಬಿಡಿ, ಪಾತ್ರೆ ತೊಳೀರಿ, ಎಂತ ಬೇಕಾದ್ರೂ ಮಾಡಿ. ಉಳ್ಳಾಲದ ಕಡೆ ಏಪ್ರಿಲ್ ಮೇಯಲ್ಲಿ ಬಾವಿಗೆ ಉಪ್ಪುನೀರು ಹತ್ತುವ ಮನೆಗಳಲ್ಲಿ ಮಾತ್ರ ಯೋಚನೆ ಮಾಡ್ಬೇಕು.

ಸುರತ್ಕಲ್_ಸಾಲ್ಟಿ
ಇಷ್ಟೆಲ್ಲ ಖರ್ಚು ಮಾಡುವ ಬದಲು ಮೊದಲು ನೀರು ತಂಪು ಮಾಡುವ ಚಿಲ್ಲರ್ ತಗೊಳ್ಳಿ. ನಮ್ಮ ಸೆಕೆಗೆ ಚಿಲ್ಲರ್ ಇಲ್ಲದೆ ಕೋರಲ್ ಇಡುದು ಸುಮ್ಮನೆ. ನಂದು ಅರ್ಧ ಎಚ್‌ಪಿ, 25 ಡಿಗ್ರಿಗೆ ಇಟ್ರೆ ಮೇ ತಿಂಗಳಲ್ಲೂ ಕದಲುದಿಲ್ಲ.

ಕಾವೇರಿಕೋರಲ್
ಅರ್ಧ ಎಚ್‌ಪಿನಾ? ಆರಡಿ ಟ್ಯಾಂಕಿಗೆ ಕಮ್ಮಿ ಆಯ್ತು ಗುರು. ನನ್ನತ್ರ 1 ಎಚ್‌ಪಿ ಇದೆ, ಬೆಂಗಳೂರಲ್ಲಿ ಅದು ಆನ್ ಆಗೋದೇ ಅಪರೂಪ. ಏಳು ಸ್ಟೇಜ್ ಫೋಟೊ ಅಪ್‌ಲೋಡ್ ಆಗ್ತಿಲ್ಲ, ಸೈಜ್ ಜಾಸ್ತಿ ಅಂತಿದೆ.

ಸುರತ್ಕಲ್_ಸಾಲ್ಟಿ
ಆನ್ ಆಗದ ಚಿಲ್ಲರ್ ಎಂತಕ್ಕೆ? ಕೊಡುದಾದ್ರೆ ಹೇಳಿ, ನಾನು ತಗೊಳ್ತೇನೆ.

ಪರ್ಕಳ_ರೀಫ್
ಚಿಲ್ಲರ್ ಮಾತು ಆಮೇಲೆ ಆಡುವ. ತಾಮ್ರ ಟೆಸ್ಟ್ ಮಾಡುವ ಕಿಟ್ ಉಡುಪಿ ಮಂಗಳೂರಲ್ಲಿ ಯಾರ ಹತ್ರ ಉಂಟು? ಅಂಗಡಿಯಲ್ಲಿ ಕೇಳಿದೆ, ಮೊದಲ ಬಣ್ಣವೇ 0.25ದ್ದು, ಅದು ಕಾಣುವಷ್ಟು ಇದ್ರೆ ಇನ್ನು ಉಳಿಯುದು ಎಂತ?

ಕುಂದಾಪ್ರ_ಬೊಂಡಾಸ್
ಕಿಟ್ ಕಾಯ್ಬೇಡಿ. ಕಾರ್ಬನ್ ಹಾಕಿ, ತಾಮ್ರ ಹೀರುವ ರೆಸಿನ್ ಬೇರೆ ಬತ್ತದೆ, ಅದೂ ಸಂಪಿಗೆ ಹಾಕಿ. ಡಿಐ ನೀರಲ್ಲಿ ಉಪ್ಪು ಕಲಸಿ ವಾರ ವಾರ ನೀರು ಬದಲ್ಸಿ. ಕಡೆಗೆ ಒಂದೇ ಒಂದು ಸ್ನೇಲ್ ಬಿಟ್ಟು ಕಾಣಿ. ಶ್ರಿಂಪಿಗೆ ಈಗ್ಲೇ ದುಡ್ಡು ಹಾಕ್ಬೇಡಿ.

ಕಾವೇರಿಕೋರಲ್
@ಸುರತ್ಕಲ್_ಸಾಲ್ಟಿ ರೇಟ್ ಡಿಎಂ ಮಾಡಿದೀನಿ ನೋಡಿ. ಮಂಗಳೂರಿಗೆ ಬಸ್ಸಲ್ಲಿ ಹಾಕಿ ಕಳಿಸೋಕೆ ಆಗುತ್ತಾ, ಗ್ಯಾಸ್ ಲೀಕ್ ಆಗಲ್ವಾ ಘಾಟಿಯಲ್ಲಿ?