ಅಪ್‌ಡೇಟ್: ನಮ್ಮ ತೋಟದ ಕಾಫಿ ಜರ್ಮನಿಗೆ, ಕೆಲಸ ಎಲ್ಲಿಗೆ ಬಂತು?

ಮೂಡಿಗೆರೆ ಹತ್ತಿರದ ನಮ್ಮ ತೋಟದ ಅರೇಬಿಕಾ ಕಾಫಿಯನ್ನು ಜರ್ಮನಿಯ ಒಬ್ಬ ಸಣ್ಣ ರೋಸ್ಟರ್‌ಗೆ (ಬೀಜ ಹುರಿದು ಮಾರುವವರಿಗೆ) ನಾವೇ ಕಳಿಸಬಹುದಾ, ಯಾವ ಇಲಾಖೆಗೆ ಹೋಗಬೇಕು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ಕಳಿಸಬಹುದು!

ಮೊದಲು ಕೇಂದ್ರದ ವಿದೇಶ ವ್ಯಾಪಾರ ನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿಯಿಂದ, ಆಮದು-ರಫ್ತಿಗೆ ಬೇಕಾದ ಐಇಸಿ ಕೋಡ್ ತೆಗೆಸಿದೆ. ಆನ್‌ಲೈನ್, 500 ರೂಪಾಯಿ, ಪ್ಯಾನ್ ನಂಬರೇ ಐಇಸಿ ನಂಬರ್. ಇದು ಸುಲಭ. ಆದರೆ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ಸರಿಯಿದೆ ಅಂತ ಖಚಿತಪಡಿಸಬೇಕು, ಇಲ್ಲದಿದ್ದರೆ ನಿಷ್ಕ್ರಿಯ ಆಗುತ್ತದೆ.

ನಂತರ ಕಾಫಿ ಮಂಡಳಿ. ರಫ್ತುದಾರರ ನೋಂದಣಿ, ಆರ್‌ಸಿಎಂಸಿ (ನೋಂದಣಿ ಮತ್ತು ಸದಸ್ಯತ್ವದ ಪ್ರಮಾಣಪತ್ರ), ಆಮೇಲೆ ಪ್ರತಿ ಲೋಡಿಗೂ ಪರ್ಮಿಟ್ ಮತ್ತು ಕಾಫಿ ಯಾವ ದೇಶದ್ದು ಅಂತ ಹೇಳುವ ಪ್ರಮಾಣಪತ್ರ. ಕಾಳುಮೆಣಸನ್ನೂ ಕಳಿಸೋಣ ಅಂದುಕೊಂಡಿದ್ದೆ, ಅದಕ್ಕೆ ಕೊಚ್ಚಿಯ ಸಾಂಬಾರ ಮಂಡಳಿಯ ನೋಂದಣಿ ಬೇರೆ. ಒಂದೇ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗೆ ಒಂದು ಮಂಡಳಿ, ಅದರ ಕೆಳಗಿನ ಕಾಫಿ ಗಿಡಕ್ಕೆ ಇನ್ನೊಂದು! ಸದ್ಯಕ್ಕೆ ಮೆಣಸು ಬಿಟ್ಟೆ.

ಜಾಸ್ತಿ ಹೊತ್ತು ಹಿಡಿದದ್ದು ಯುರೋಪಿನ ಕಾಡುನಾಶ ನಿಯಮದ ತಯಾರಿ. ಆ ನಿಯಮದ ಪ್ರಕಾರ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. 4 ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಪೂರ್ತಿ ಗಡಿಯ ನಕ್ಷೆ ಬೇಕು. ಅಪ್ಪ ಪಹಣಿ ಹಿಡಿದು ಮುಂದೆ, ನಾನು ಮೊಬೈಲ್ ಹಿಡಿದು ಹಿಂದೆ, ಹಳ್ಳದ ಅಂಚಿನವರೆಗೂ ಬೇಲಿಯುದ್ದಕ್ಕೂ ನಡೆದು ಗಡಿ ಗುರುತಿಸಿದೆವು. ನೆರಳಿನ ಮರ ಉಳಿಸಿಕೊಂಡ ನಮ್ಮಂಥ ತೋಟಗಳಿಗೆ ಈ ನಿಯಮ ಒಳ್ಳೆಯದೇ ಅನ್ನಿಸುತ್ತದೆ.

ಸ್ಯಾಂಪಲ್ ಆ ಜರ್ಮನ್ ರೋಸ್ಟರ್‌ಗೆ ಇಷ್ಟವಾಗಿದೆ. ಮಂಗಳೂರು ಬಂದರಿನಿಂದ ಕಂಟೇನರ್ ಹಂಚಿಕೊಂಡು ಕಳಿಸಿದವರು ಇದ್ದರೆ ದಯವಿಟ್ಟು ತಿಳಿಸಿ.